ಠರಾವು ಮತ್ತು ಬೊಗಸೆ ನೀರು

ಮಹಾರಾಷ್ಟ್ರದ ಕೊಂಕಣ ಸೀಮೆಯಲ್ಲಿ, ಸಾವಿತ್ರಿ ನದಿಯ ಬದಿಗೆ ಮಹಾಡ್ ಎಂಬ ಊರಿದೆ. ಶಿವಾಜಿಯ ರಾಯಗಡ ಕೋಟೆ ಇಲ್ಲಿಂದ ದೂರವಿಲ್ಲ. ಊರೊಳಗೆ ಒಂದು ಕೆರೆ. ಹೆಸರು ಚವದಾರ್ ಕೆರೆ. ಮರಾಠಿಯಲ್ಲಿ ಚವದಾರ್ ಎಂದರೆ ರುಚಿಯಾದದ್ದು ಎಂದರ್ಥ. 1927ರಲ್ಲಿ ಡಾ. ಅಂಬೇಡ್ಕರ್ ಇಲ್ಲಿ ಸತ್ಯಾಗ್ರಹ ನಡೆಸಿದರೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಉತ್ತರದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. ಅಂಬೇಡ್ಕರ್ ಕೆರೆಗೆ ಇಳಿಯುವುದಕ್ಕೆ ಮೂರು ವರ್ಷ ಮೊದಲೇ ಮಹಾಡ್ ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. ಕಾಗದದ ಮೇಲೆ!

ನಡೆದದ್ದು ಹೀಗೆ. 1923ರ ಆಗಸ್ಟ್ 4ರಂದು ಮುಂಬಯಿ ಶಾಸನಸಭೆಯಲ್ಲಿ ಸೀತಾರಾಮ್ ಕೇಶವ್ ಬೋಲೆ ಎಂಬ ಸದಸ್ಯರು ಒಂದು ಠರಾವು ತಂದರು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳನ್ನೂ ಸರ್ಕಾರಿ ಶಾಲೆ, ಕಚೇರಿ, ದವಾಖಾನೆಗಳನ್ನೂ ಅಸ್ಪೃಶ್ಯರೆನಿಸಿಕೊಂಡವರು ಬಳಸಲು ಅಡ್ಡಿ ಇರಕೂಡದು ಎಂಬುದು ಅದರ ಸಾರ. ಠರಾವು ಅಂಗೀಕಾರವಾಯಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಜಾರಿಗೆ ತರುವಂತೆ ತನ್ನ ಇಲಾಖೆಗಳಿಗೆ ಬರೆಯಿತು. ಸ್ಥಳೀಯ ಸಂಸ್ಥೆಗಳಿಗೂ ಸಲಹೆ ಹೋಯಿತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಪ್ರದೇಶಗಳೂ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವೆಂಬುದನ್ನು ನೆನಪಿಡಬೇಕು.

ಮಹಾಡ್ ಪುರಸಭೆ ತಡ ಮಾಡಲಿಲ್ಲ. 1924ರ ಜನವರಿ 5ರಂದು, ಚವದಾರ್ ಕೆರೆಯ ನೀರನ್ನು ಅಸ್ಪೃಶ್ಯರು ಬಳಸಲು ತನ್ನ ಆಕ್ಷೇಪವಿಲ್ಲ ಎಂದು ಠರಾವು ಮಾಡಿತು. ಆ ಕಾಲಕ್ಕೆ ಇದು ಧೈರ್ಯದ ಮಾತೇ ಸರಿ. ಆದರೂ 'ಆಕ್ಷೇಪವಿಲ್ಲ' ಎಂಬ ಪದವನ್ನು ಸ್ವಲ್ಪ ತಿರುಗಿಸಿ ನೋಡಿ. ಬನ್ನಿ ಎಂದು ಕರೆದಂತಾಗಲಿಲ್ಲ. ಬಂದವರನ್ನು ತಡೆದರೆ ನಾವು ನಿಲ್ಲುತ್ತೇವೆ ಎಂದು ಹೇಳಿದಂತೆಯೂ ಆಗಲಿಲ್ಲ. ಕೆರೆಯ ಸುತ್ತ ಸವರ್ಣೀಯರ ಮನೆಗಳು. ಕೊಡ ಹಿಡಿದು ಒಬ್ಬಳೇ ಬರುವ ಹೆಣ್ಣುಮಗಳು ಆ ಮನೆಗಳ ಮುಂದೆ ಹಾದುಹೋಗಬೇಕಿತ್ತು. ಮಾರನೆಯ ದಿನ ಕೂಲಿಗೂ ಅದೇ ಮನೆಗಳಿಗೆ ಹೋಗಬೇಕು. ಮೂರು ವರ್ಷ ಠರಾವು ದಫ್ತರದಲ್ಲಿ ಉಳಿಯಿತು, ನೀರು ಕೆರೆಯಲ್ಲಿ ಉಳಿಯಿತು. ಊರಿಗೆ ಊರೇ ಹೀಗೆ ಮಾಡುತ್ತಿರುವುದನ್ನು ಕಂಡ ಬೋಲೆಯವರು 1926ರಲ್ಲಿ ಇನ್ನೊಂದು ಠರಾವು ತಂದರು: ಮೊದಲಿನ ಠರಾವನ್ನು ಪಾಲಿಸದ ಪುರಸಭೆಗಳಿಗೂ ಲೋಕಲ್ ಬೋರ್ಡುಗಳಿಗೂ ಸರ್ಕಾರ ಅನುದಾನ ಕೊಡಬಾರದು! ಮಾತಿಗೆ ಬಗ್ಗದವರು ಕಾಸಿಗೆ ಬಗ್ಗಿಯಾರೆಂಬ ಲೆಕ್ಕ.

1927ರ ಮಾರ್ಚ್ 19 ಮತ್ತು 20ರಂದು ಮಹಾಡಿನಲ್ಲಿ ಕುಲಾಬಾ ಜಿಲ್ಲೆಯ ದಲಿತರ ಪರಿಷತ್ತು ಸೇರಿತು. ಊರಿನ ಪುರಸಭಾಧ್ಯಕ್ಷ ಸುರೇಂದ್ರನಾಥ ಟಿಪ್ಣಿಸ್ ಸ್ವತಃ ಮೇಲ್ಜಾತಿಯವರು. ಪರಿಷತ್ತಿಗೆ ಬೆಂಬಲವಾಗಿ ನಿಂತವರಲ್ಲಿ ಅವರೂ ಒಬ್ಬರು. ಬಂದ ಪ್ರತಿನಿಧಿಗಳಿಗೆ ಕುಡಿಯುವ ನೀರನ್ನು ನಲವತ್ತು ರೂಪಾಯಿ ಕೊಟ್ಟು ಕೊಳ್ಳಬೇಕಾಯಿತೆಂದು ಅಂಬೇಡ್ಕರರ ಜೀವನಚರಿತ್ರೆ ಬರೆದ ಧನಂಜಯ ಕೀರ್ ದಾಖಲಿಸಿದ್ದಾರೆ. ಊರಲ್ಲಿ ಪುರಸಭೆಯದೇ ಕೆರೆ. ಅದು ತಮ್ಮದೂ ಹೌದೆನ್ನುವ ಠರಾವು ಬೇರೆ. ಆದರೂ ನೀರಿಗೆ ಕ್ರಯ! ಎರಡನೆಯ ದಿನ ಎಲ್ಲರೂ ಸಾಲಾಗಿ ಕೆರೆಗೆ ನಡೆದರು. ಅಂಬೇಡ್ಕರ್ ಮೊದಲು ಬೊಗಸೆಯಲ್ಲಿ ನೀರೆತ್ತಿ ಕುಡಿದರು, ಉಳಿದವರು ಅನುಸರಿಸಿದರು.

ಸ್ವಲ್ಪ ಹೊತ್ತಿಗೆ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂಬ ಗಾಳಿಸುದ್ದಿ ಹಬ್ಬಿತು. ಊಟಕ್ಕೆ ಕುಳಿತಿದ್ದವರ ಮೇಲೆ ದೊಣ್ಣೆಗಳು ಬಿದ್ದವು. ಓಡಿದವರಲ್ಲಿ ಕೆಲವರಿಗೆ ಮುಸ್ಲಿಮರ ಮನೆಗಳಲ್ಲಿ ಆಸರೆ ಸಿಕ್ಕಿತು. ತಿರುಗಿ ಹೊಡೆಯಲು ಸಿದ್ಧರಾದ ತನ್ನವರನ್ನು ಅಂಬೇಡ್ಕರ್ ತಡೆದರು.

ಆಮೇಲೆ ಕೆರೆಯ ಶುದ್ಧೀಕರಣ. ನೂರೆಂಟು ಮಡಕೆ ನೀರನ್ನು ಹೊರತೆಗೆದು ಸಗಣಿ, ಗೋಮೂತ್ರ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಗೆ ಸುರಿದರು. ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಒಂದು ಗಳಿಗೆ ನಿಲ್ಲಬೇಕು. ನೀರು ಮಲಿನವಾಗಿದೆ ಎಂಬುದಕ್ಕೆ ವಿಜ್ಞಾನದಲ್ಲಿ ಪರೀಕ್ಷೆ ಉಂಟು. ಜನರ, ಪ್ರಾಣಿಗಳ ಕರುಳಿನಲ್ಲಿರುವ ಈ. ಕೋಲಿ ಎಂಬ ಬ್ಯಾಕ್ಟೀರಿಯಾ ನೀರಿನಲ್ಲಿ ಕಂಡರೆ ಅದು ಕುಡಿಯಲು ತಕ್ಕದ್ದಲ್ಲ. ಜರ್ಮನಿಯ ಎಶೆರಿಕ್ ಈ ಜೀವಿಯನ್ನು ವರ್ಣಿಸಿದ್ದು 1885ರಲ್ಲಿ, ಅಂದರೆ ಮಹಾಡಿನ ಘಟನೆಗೆ ನಲವತ್ತೆರಡು ವರ್ಷ ಮುಂಚೆ. ಬೊಗಸೆ ಒಡ್ಡಿದವನ ಜಾತಿ ಯಾವ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಸಗಣಿಯಲ್ಲಿರುವ ಬ್ಯಾಕ್ಟೀರಿಯಾ ಕಾಣುತ್ತದೆ. ಆ ದಿನ ಯಾರಾದರೂ ನೀರನ್ನು ಪರೀಕ್ಷಿಸಿದ್ದರೆ ಶುದ್ಧೀಕರಣಕ್ಕೆ ಮೊದಲಿನ ನೀರೇ ಮೇಲೆಂದು ಬರುತ್ತಿತ್ತು!

ಪುರಸಭೆ ಏನು ಮಾಡಿತು? 1927ರ ಆಗಸ್ಟ್ 4ರಂದು, ಬೋಲೆ ಠರಾವಿಗೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ತನ್ನದೇ ಠರಾವನ್ನು ರದ್ದು ಮಾಡಿತು. ಡಿಸೆಂಬರಿನಲ್ಲಿ ಎರಡನೆಯ ಪರಿಷತ್ತಿಗೆ ಜಾಗ ಕೊಡುವವರಿರಲಿಲ್ಲ. ಕೊನೆಗೆ ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು ತಮ್ಮ ಜಮೀನು ಬಿಟ್ಟುಕೊಟ್ಟರು. ಅಷ್ಟರಲ್ಲಿ, ಕೆರೆ ಖಾಸಗಿ ಆಸ್ತಿಯೆಂದು ಕೆಲವರು ದಾವೆ ಹೂಡಿ ತಡೆಯಾಜ್ಞೆ ತಂದಿದ್ದರು. ಸಾವಿರಾರು ಜನ ಸೇರಿದ್ದರೂ ಅಂಬೇಡ್ಕರ್ ಆಜ್ಞೆಗೆ ತಲೆಬಾಗಿ ಕೆರೆಗೆ ಹೋಗಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ವ್ಯಾಜ್ಯ ಎಳೆದಾಡಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಬೇರೆ ಯಾರೂ ಅಲ್ಲ, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ವಿಧಿಸಿದ ನ್ಯಾಯಾಧೀಶರೇ. ಅಸ್ಪೃಶ್ಯರನ್ನು ಹೊರಗಿಡುವುದು ಅನಾದಿ ಕಾಲದ ರೂಢಿ ಎಂಬ ವಾದ ಸಾಬೀತಾಗಲಿಲ್ಲವೆಂದು ಮೇಲ್ಮನವಿ ಬಿದ್ದುಹೋಯಿತು. ಕೆರೆ ಪುರಸಭೆಯದು ಎಂಬ ಮಾತು ಗಟ್ಟಿಯಾಗಿ ನಿಂತಿತು. ಹದಿಮೂರು ವರ್ಷದ ಹಿಂದೆ ಪುರಸಭೆಯೇ ಬರೆದು, ಆಮೇಲೆ ತಾನೇ ಅಳಿಸಿಹಾಕಿದ್ದ ಮಾತು ಅದು.

ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ, ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗೆ ಜಾತಿಯ ಕಾರಣದಿಂದ ತಡೆಯಿಲ್ಲ ಎಂದು ಸೇರಿತು. ಬೋಲೆ ಠರಾವನ್ನು ಪಕ್ಕದಲ್ಲಿಟ್ಟು ಓದಿದರೆ ಎರಡರ ಹತ್ತಿರದ ನಂಟು ತಿಳಿಯುತ್ತದೆ.

ಈಗ ಕರ್ನಾಟಕದ ಹಳ್ಳಿಗಳಲ್ಲಿ ನೀರಿನ ಮಾತು ನಲ್ಲಿಗೆ ಬಂದಿದೆ. ಟ್ಯಾಂಕು ಎಲ್ಲಿ ಕಟ್ಟಬೇಕು, ಪೈಪು ಯಾವ ಕೇರಿಗೆ ಮೊದಲು ಹೋಗಬೇಕು, ಬೇಸಿಗೆಯಲ್ಲಿ ಯಾರಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದೆಲ್ಲ ಗ್ರಾಮ ಪಂಚಾಯಿತಿಯ ಮುಂದೆ ಬರುವ ವಿಷಯಗಳು. ಮಕ್ಕಳ ಗ್ರಾಮಸಭೆಗಳೂ ನಡೆಯುತ್ತವೆ; ಮಕ್ಕಳು ಅಲ್ಲಿ ಎದ್ದುನಿಂತು ಪ್ರಶ್ನೆ ಕೇಳಬಹುದು. ಹಿಂದಿನ ಸಭೆಯ ಠರಾವು ಪುಸ್ತಕ ತರಿಸಿ, ನೀರಿನ ಬಗ್ಗೆ ಬರೆದ ಪ್ರತಿ ಸಾಲಿನ ಎದುರು, ಇದನ್ನು ಯಾರು ಮಾಡಿದರು, ಯಾವ ತಾರೀಖಿಗೆ ಎಂದು ಕೇಳಿದರೆ ಅಧ್ಯಕ್ಷರು ಉತ್ತರ ಹುಡುಕಲೇಬೇಕಾಗುತ್ತದೆ.