ಉತ್ತರವೋ, ನಿರುತ್ತರವೋ?

ಲೋಕಸಭೆಯಲ್ಲಿ ಪ್ರಶ್ನೆ ಕೇಳುವದು ಸದಸ್ಯರ ಹಕ್ಕು. ಸಮರ್ಪಕವಾದ ಉತ್ತರ ಕೊಡುವದು ಸರಕಾರದ ಋಣ. ಪರಕೀಯರ ಆಳಿಕೆಯಲ್ಲಿ, 1892ರ ಕಾಯದೆಯಿಂದ, ಶಾಸನಸಭೆಗಳಿಗೆ ದೊರೆತ ಈ ಹಕ್ಕು ಸ್ವರಾಜ್ಯದಲ್ಲಿ ಬರಿಯ ವಿಧಿಯಾಗಿ ಉಳಿಯಬಾರದು.

ನೀರಾವರಿಯ ಮಾತೆತ್ತಿದೊಡನೆ, ನೀರು ರಾಜ್ಯದ ವಿಷಯವೆಂದು ಹೇಳಿ ಕೈತೊಳೆದುಕೊಳ್ಳುವದು ಕೇಂದ್ರ ಸರಕಾರದ ವಾಡಿಕೆ. ಇದು ಅರ್ಧಸತ್ಯ. ರಾಜ್ಯಪಟ್ಟಿಯ 17ನೆಯ ನಮೂದು ನೀರನ್ನು ರಾಜ್ಯಕ್ಕೆ ವಹಿಸಿದೆ, ನಿಜ. ಆದರೆ ಅಂತರರಾಜ್ಯ ನದಿಗಳ ನಿಯಂತ್ರಣವನ್ನು ಕುರಿತ ಕೇಂದ್ರಪಟ್ಟಿಯ 56ನೆಯ ನಮೂದಿಗೆ ಅದು ಅಧೀನವಾಗಿದೆ. ಕೃಷ್ಣೆಯು ಒಂದೇ ರಾಜ್ಯದ ನದಿಯೇ?

ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ನ್ಯಾಯಾಧಿಕರಣವು 2010ರಲ್ಲಿಯೇ ಒಪ್ಪಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಅಧಿಸೂಚನೆಗೆ ತಡೆಯುಂಟಾಯಿತು. ನ್ಯಾಯಾಲಯವನ್ನು ನಾವು ಗೌರವಿಸುತ್ತೇವೆ. ಆದರೆ ವಿಷಯವು ನ್ಯಾಯಾಲಯದಲ್ಲಿದೆಯೆಂಬುದು, ತಡೆಯ ನಿವಾರಣೆಗಾಗಿ ಸರಕಾರವು ಮಾಡಿದ್ದೇನೆಂಬ ಪ್ರಶ್ನೆಗೆ ಉತ್ತರವಾಗಲಾರದು.

ಏತದಿಂದ ಕೃಷ್ಣೆಯ ನೀರು ಕಂಡ ತಿಕೋಟೆ, ಬಬಲೇಶ್ವರಗಳ ಒಕ್ಕಲಿಗರಿಗೆ ಅದರ ಬೆಲೆ ಗೊತ್ತು. ವಿಜಾಪುರ ಸೀಮೆಯ ಪ್ರತಿನಿಧಿಗಳು ಲಿಖಿತ ಉತ್ತರಕ್ಕೆ ತೃಪ್ತರಾಗದೆ, ಚುಕ್ಕೆ ಗುರುತಿನ ಪ್ರಶ್ನೆಯನ್ನಿಟ್ಟು, ಉಪಪ್ರಶ್ನೆಗಳಿಂದ ಮಂತ್ರಿಗಳನ್ನು ಎದುರುನಿಲ್ಲಿಸಿ ಕೇಳಲಿ. ಮಂತ್ರಿಗಳು ಕೊಟ್ಟ ಆಶ್ವಾಸನವು ಈಡೇರಿತೇ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಸಮಿತಿಯೇ ಇದೆ. ಮತ ಕೊಟ್ಟ ನಾಗರಿಕರೂ ಆ ಉತ್ತರಗಳನ್ನು ಓದಿ ಲೆಕ್ಕವಿಡತಕ್ಕದ್ದು. ಕೇಳುವವರಿಲ್ಲದ ಕಡೆ ಹೇಳುವವರಿಗೆ ಭಯವೆಲ್ಲಿಯದು?