ಚಡ್ಡಿ ಹಾಕಿದವರು ಗೆದ್ದರು, ಕೋಟು ಹಾಕಿದವರು ಸೋಲಿಸಿದರು

ಪ್ರತಿಯೊಂದು ವೃತ್ತಿಪರ ತಂಡದೊಳಗೂ ಎರಡು ತಂಡ ಇರುತ್ತೆ ಕಣ್ರೀ. ಒಂದು, ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಇಳಿಯೋ ತಂಡ. ಇನ್ನೊಂದು, ಕೋಟು ಹಾಕಿಕೊಂಡು ಆಫೀಸಿನಲ್ಲಿ ಕೂರೋ ತಂಡ. ಮೊದಲನೆಯದು ಸೋತರೆ ಟೀವಿ ಮುಂದೆ ನಾಲ್ಕು ಬೈದು, ಊಟ ಮಾಡಿ ಮಲಗುತ್ತೇವೆ. ಮುಂದಿನ ವಾರ ಮತ್ತೆ ಆಟ ಇದ್ದೇ ಇರುತ್ತಲ್ಲ. ಎರಡನೆಯದು ಸೋತರೆ ಮುಂದಿನ ವಾರವೇ ಇರೋದಿಲ್ಲ. ಆದರೆ ವಿಚಿತ್ರ ನೋಡಿ, ಸ್ಕೋರ್‌ಬೋರ್ಡ್ ಇರೋದು ಚಡ್ಡಿಯವರಿಗೆ ಮಾತ್ರ. ಕೋಟಿನವರು ಎಷ್ಟು ಗೋಲು ಬಿಟ್ಟುಕೊಟ್ಟರು ಅನ್ನೋದು ಅಭಿಮಾನಿಗೆ ಗೊತ್ತಾಗೋದು ಅಂಗಡಿ ಬಾಗಿಲು ಹಾಕಿದ ಮೇಲೆಯೇ.

ಈ ಮಾತು ಈಗ ಯಾಕೆ ಅಂದರೆ, ನಾನಿರುವ ವೆರಿಬೀಯ ಪಕ್ಕದಲ್ಲೇ ಅದು ನಡೆದುಹೋಗಿದೆ. ಮೆಲ್ಬರ್ನಿನ ಪಶ್ಚಿಮಕ್ಕೆ ಇರೋ ನಮ್ಮ ವಿಂಡಂ ಪ್ರದೇಶಕ್ಕೆ ಫುಟ್‌ಬಾಲ್ ತಂಡವೊಂದು ಬರುತ್ತೆ ಅಂತ 2018ರ ಡಿಸೆಂಬರಿನಲ್ಲಿ ಘೋಷಣೆ ಆಯಿತು. ಅದೇ ವೆಸ್ಟರ್ನ್ ಯುನೈಟೆಡ್. ಉಳಿದ ಅರ್ಜಿದಾರರನ್ನು ಹಿಂದೆ ಹಾಕಿ ಆ ಲೈಸೆನ್ಸ್ ಸಿಕ್ಕಿದ್ದರಲ್ಲಿ ಒಂದು ಭರವಸೆಗೆ ದೊಡ್ಡ ಪಾಲು ಇತ್ತು: ಪಕ್ಕದ ಟಾರ್ನೀಟಿನಲ್ಲಿ 15,000 ಜನ ಕೂರುವ, ಕ್ಲಬ್ಬಿನದೇ ಸ್ವಂತ ಸ್ಟೇಡಿಯಂ. ಸುತ್ತ ಮನೆಗಳು, ಅಂಗಡಿಗಳು, ಕೆಲಸಗಳು. ನಕ್ಷೆಯಂತೂ ಮದುವೆ ಆಲ್ಬಂ ಥರ ಚೆನ್ನಾಗಿತ್ತು!

2019ರಲ್ಲಿ ತಂಡ ಆಟ ಶುರು ಮಾಡಿತು. ಎಲ್ಲಿ? ಗೀಲಾಂಗಿನಲ್ಲಿ. ಆಮೇಲೆ ಬ್ಯಾಲರಾಟ್, ಫುಟ್‌ಸ್ಕ್ರೇ, ಕೊನೆಗೆ ಸಮುದ್ರ ದಾಟಿ ಟಾಸ್ಮೇನಿಯಾದ ಲಾನ್ಸೆಸ್ಟನ್. "ತವರು ಮೈದಾನ" ಅನ್ನೋದು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಓಡಾಡುತ್ತಲೇ ಇತ್ತು. ಇಷ್ಟಾದರೂ ಚಡ್ಡಿಯವರು ಏನು ಮಾಡಿದರು ಗೊತ್ತಾ? ಮೂರನೇ ಸೀಸನ್ನಿನಲ್ಲೇ, 2022ರ ಮೇ 28ರಂದು, ಮೆಲ್ಬರ್ನ್ ಸಿಟಿಯನ್ನು 2-0 ಅಂತರದಲ್ಲಿ ಮಣಿಸಿ ಆಸ್ಟ್ರೇಲಿಯಾದ ಚಾಂಪಿಯನ್ ಆದರು. ಅವರ ಮಹಿಳಾ ತಂಡ ತನ್ನ ಮೊದಲ ಸೀಸನ್ನಿನಲ್ಲೇ ಫೈನಲ್ಲಿಗೆ ಹೋಯಿತು. 2024-25ರಲ್ಲಿ ಪುರುಷರು ಲೀಗಿನಲ್ಲಿ ಮೂರನೇ ಸ್ಥಾನ ಪಡೆದರು. ಆಟದ ಲೆಕ್ಕದಲ್ಲಿ ಇದು ಸೋತ ತಂಡವೇ ಅಲ್ಲ.

ಆಫೀಸಿನ ಲೆಕ್ಕ ಬೇರೆ ಇತ್ತು. 15,000 ಆಸನದ ಸ್ಟೇಡಿಯಂ ಏಳಲೇ ಇಲ್ಲ. ಟಾರ್ನೀಟಿನಲ್ಲಿ ಎದ್ದಿದ್ದು ಸುಮಾರು 5,000 ಜನ ಹಿಡಿಸುವ ಚಿಕ್ಕ ಮೈದಾನ. ತೆರಿಗೆ ಬಾಕಿ, ಸಂಬಳ ತಡ, ಹೊಸ ಮಾಲೀಕರು ಇವತ್ತು ಬರ್ತಾರೆ ನಾಳೆ ಬರ್ತಾರೆ ಅನ್ನೋ ಸುದ್ದಿ. 2025ರ ಆಗಸ್ಟಿನಲ್ಲಿ ಹಣಕಾಸಿನ ಅರ್ಹತೆ ಇಲ್ಲ ಅಂತ ಕ್ಲಬ್ಬಿನ ಲೈಸೆನ್ಸ್ ಹೋಯಿತು. ಸೆಪ್ಟೆಂಬರಿನಲ್ಲಿ, ಹೊಸ ಸೀಸನ್ನಿಗೆ ಕೆಲವೇ ವಾರ ಇರುವಾಗ, ತಂಡವನ್ನು 2025-26ರ ಮಟ್ಟಿಗೆ "ಹೈಬರ್ನೇಶನ್"ಗೆ ಕಳಿಸಿದರು. ಕರಡಿ ಚಳಿಗಾಲದಲ್ಲಿ ಗುಹೆ ಸೇರಿ ಮಲಗುತ್ತಲ್ಲ, ಆ ಪದ. ಮಲಗಿದ್ದು ತಂಡ, ಬೀದಿಗೆ ಬಂದಿದ್ದು ಆಟಗಾರರು.

ಇಲ್ಲಿನವರಿಗೆ ಇದು ಹೊಸ ಆಘಾತ. ಕರ್ನಾಟಕದಿಂದ ಬಂದ ಹಾಕಿ ಹುಚ್ಚಿನ ನನ್ನಂಥವರಿಗೆ ಮಾತ್ರ ಹಳೇ ಸಿನಿಮಾದ ರೀಮೇಕ್ ನೋಡಿದಂಗೆ ಆಯಿತು.

*

ನಮ್ಮ ಹಾಕಿಯ ಕೋಟು ತಂಡದ ಚರಿತ್ರೆ ದೊಡ್ಡದು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸಿನಲ್ಲಿ 32 ವರ್ಷಗಳ ನಂತರ ಭಾರತಕ್ಕೆ ಚಿನ್ನ ಬಂತು. ಫೈನಲ್ಲಿನ ಪೆನಾಲ್ಟಿ ಸ್ಟ್ರೋಕುಗಳಲ್ಲಿ ಗೋಡೆ ಥರ ನಿಂತವರು ನಮ್ಮ ಆಶಿಶ್ ಬಲ್ಲಾಳ್. ಗೆದ್ದು ಬಂದವರಿಗೆ ಸಿಕ್ಕ ಬಹುಮಾನ? ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಮುಂತಾದ ಹಿರಿಯರು ತಂಡದಿಂದ ಹೊರಗೆ. ಕೋಚ್ ಎಂ.ಕೆ. ಕೌಶಿಕ್ ಕೂಡ ಹೊರಗೆ. "ವಿಶ್ರಾಂತಿ" ಅಂದರು. ಕರಡಿ ನಿದ್ದೆಗೆ ಅಣ್ಣ ಆಗಬೇಕು ಈ ವಿಶ್ರಾಂತಿ.

1994ರಿಂದ 2008ರ ತನಕ ಭಾರತೀಯ ಹಾಕಿ ಫೆಡರೇಶನ್ನಿನ ಅಧ್ಯಕ್ಷರಾಗಿ ಕೆ.ಪಿ.ಎಸ್. ಗಿಲ್ ಒಬ್ಬರೇ ಇದ್ದರು. 2008ರ ಮಾರ್ಚಿನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಬ್ರಿಟನ್ ವಿರುದ್ಧ 0-2 ಸೋತು, 1928ರಿಂದ ಮೊದಲ ಬಾರಿಗೆ ಭಾರತದ ಹಾಕಿ ತಂಡಕ್ಕೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತು. ಎಂಟು ಚಿನ್ನ ಗೆದ್ದ ದೇಶ! ಎರಡು ತಿಂಗಳು ಕಳೆಯೋದರೊಳಗೆ ಫೆಡರೇಶನ್ನಿನ ಕಾರ್ಯದರ್ಶಿ ಹಣ ತೆಗೆದುಕೊಳ್ಳೋದು ಟೀವಿಯ ಗುಪ್ತ ಕ್ಯಾಮೆರಾದಲ್ಲಿ ಕಾಣಿಸಿತು. ಆಗ ಫೆಡರೇಶನ್ನನ್ನೇ ಅಮಾನತು ಮಾಡಿದರು. 2009ರಲ್ಲಿ ಹಾಕಿ ಇಂಡಿಯಾ ಅಂತ ಹೊಸ ಸಂಸ್ಥೆ ಬಂತು. ಕೋಟು ಬದಲಾಯಿತು, ಜೇಬು? 2010ರ ಜನವರಿಯಲ್ಲಿ, ದೆಹಲಿ ವಿಶ್ವಕಪ್ಪಿಗೆ ತಿಂಗಳೊಪ್ಪತ್ತು ಇರುವಾಗ, ಪುಣೆ ಶಿಬಿರದಲ್ಲಿ ರಾಷ್ಟ್ರೀಯ ತಂಡದ ಹುಡುಗರೇ ಬಾಕಿ ಹಣ ಕೊಡಿ ಅಂತ ಅಭ್ಯಾಸ ನಿಲ್ಲಿಸಿ ಕೂತರು.

ಇದು ದೇಶದ ಕಥೆ. ನಮ್ಮ ಊರಿನ ಹೆಸರಿನ ತಂಡಗಳ ಕಥೆ ಇನ್ನೂ ಹೊಟ್ಟೆ ಉರಿಸುತ್ತೆ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾಯಿತು, ಐಪಿಎಲ್ ಹುಟ್ಟೋಕೆ ಮೂರು ವರ್ಷ ಮುಂಚೆ. ಅದರಲ್ಲಿ ಬೆಂಗಳೂರು ತಂಡ ಇತ್ತು, ಪ್ರಶಸ್ತಿಯನ್ನೂ ಗೆದ್ದಿತ್ತು. 2008ಕ್ಕೆ ಲೀಗೇ ನಿಂತುಹೋಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಅದಕ್ಕೆ "ಕರ್ನಾಟಕ ಲಯನ್ಸ್", ನಾಯಕ ಅರ್ಜುನ್ ಹಾಲಪ್ಪ. ಹಳೇ ಫೆಡರೇಶನ್ನು ಒಂದು ಪ್ರಸಾರ ಕಂಪನಿ ಜೊತೆ ಸೇರಿ ನಡೆಸಿದ ಪಂದ್ಯಾವಳಿ ಅದು. ಹೊಸ ಸಂಸ್ಥೆ ಅದಕ್ಕೆ ಮಾನ್ಯತೆ ಕೊಡಲಿಲ್ಲ, ಆಡಿದರೆ ಹುಷಾರ್ ಅಂತ ಆಟಗಾರರನ್ನು ಹೆದರಿಸಿತು. ಫೆಬ್ರವರಿ ಕೊನೆಗೆ ಶುರುವಾಗಿ ಏಪ್ರಿಲ್ ಮೊದಲ ವಾರದಲ್ಲಿ ಮುಗಿಯಿತು. ಎರಡನೇ ವರ್ಷ ಬರಲೇ ಇಲ್ಲ. ಎಷ್ಟೋ ಆಟಗಾರರು ಒಪ್ಪಂದದ ಹಣಕ್ಕಾಗಿ ಕಾದು ಕೂರಬೇಕಾಯಿತು. ಇಬ್ಬರು ಕೋಟಿನವರ ಜಗಳದಲ್ಲಿ ಚಡ್ಡಿಯವರು ಬಡವಾದರು.

2013ರಲ್ಲಿ ಹಾಕಿ ಇಂಡಿಯಾದವರೇ ಹಾಕಿ ಇಂಡಿಯಾ ಲೀಗ್ ಶುರು ಮಾಡಿದರು. ಐದು ತಂಡ: ದೆಹಲಿ, ಪಂಜಾಬ್, ರಾಂಚಿ, ಉತ್ತರ ಪ್ರದೇಶ, ಮುಂಬೈ. ಮುಂದಿನ ವರ್ಷ ಕಳಿಂಗ ಸೇರಿತು. ಕರ್ನಾಟಕ? ಇಲ್ಲ. ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶಕ್ಕೆ ಆಡಿದರು, ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬಿಗೆ ಆಡಿದರು. ನಮ್ಮ ಹುಡುಗರು ಬೇರೆಯವರ ಜೆರ್ಸಿಯಲ್ಲಿ ಓಡೋದನ್ನ ನೋಡಿ ಚಪ್ಪಾಳೆ ಹೊಡೆದಿದ್ದೇ ನಮ್ಮ ಭಾಗ್ಯ. 2017ಕ್ಕೆ ಆ ಲೀಗೂ ನಿಂತಿತು. ಏಳು ವರ್ಷ ಬಿಟ್ಟು 2024ರ ಡಿಸೆಂಬರಿನಲ್ಲಿ ಮತ್ತೆ ಎದ್ದಿತು, ಪುರುಷರದ್ದು ಎಂಟು ತಂಡ. ತಮಿಳುನಾಡಿಗೆ ಒಂದು, ಹೈದರಾಬಾದಿಗೆ ಒಂದು. ಬೆಂಗಳೂರಿಗೆ ಸೊನ್ನೆ.

ಯಾವ ಬೆಂಗಳೂರು? ರಾಷ್ಟ್ರೀಯ ತಂಡ ವರ್ಷದ ಬಹುಪಾಲು ಬೀಡುಬಿಟ್ಟು ಅಭ್ಯಾಸ ಮಾಡೋ ಸಾಯ್ ಕೇಂದ್ರ ಇರುವ ಬೆಂಗಳೂರು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ಎಂ.ಎಂ. ಸೋಮಯ್ಯ ಇಂಥವರನ್ನು ಕೊಟ್ಟ ರಾಜ್ಯದ ರಾಜಧಾನಿ. ಅಡುಗೆ ಮನೆ ನಮ್ಮದು, ಊಟದ ಎಲೆ ಮಾತ್ರ ನಮಗಿಲ್ಲ.

*

ಈಗ ಕೆಲವರು ಕೇಳ್ತಾರೆ: "ದುಡ್ಡು ಹಾಕೋರು ಅವರು, ಲಾಸ್ ಆದರೆ ಮುಚ್ಚುತ್ತಾರೆ, ನಿಮ್ದೇನ್ರೀ?" ಸರಿ, ಸಾಬೂನಿನ ಅಂಗಡಿ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ತಂಡಕ್ಕೆ ಹೆಸರಿಡುವಾಗ ಮಾಲೀಕರು ತಮ್ಮ ಮನೆ ಹೆಸರು ಮಾತ್ರ ಇಟ್ಟುಕೊಳ್ಳಲ್ಲ, ನಮ್ಮ ಊರಿನ ಹೆಸರನ್ನು ಸಾಲ ತಗೋತಾರೆ. ಕರ್ನಾಟಕ, ಬೆಂಗಳೂರು, ಪಶ್ಚಿಮ ಮೆಲ್ಬರ್ನ್. ಆ ಹೆಸರು ಇಲ್ಲದಿದ್ದರೆ ಟಿಕೆಟ್ ಯಾರೂ ಕೊಳ್ಳಲ್ಲ, ಸರ್ಕಾರ ಜಾಗ ಕೊಡಲ್ಲ, ಟೀವಿಯವರು ಮೂಸಿ ನೋಡಲ್ಲ. ಬಂಡವಾಳದ ದೊಡ್ಡ ಪಾಲು ನಮ್ಮದೇ. ಲೆಕ್ಕ ಕೇಳುವ ಹಕ್ಕು ಮಾತ್ರ ಇಲ್ಲ.

ಹಾಗಾದರೆ ಲೆಕ್ಕ ಕೇಳೋ ಹಕ್ಕಿದ್ದರೆ ಏನಾಗುತ್ತೆ? ಅದಕ್ಕೂ ಉದಾಹರಣೆ ಇಲ್ಲೇ ಇದೆ, ವೆರಿಬೀಯಿಂದ ರೈಲು ಹತ್ತಿದರೆ ಸಿಗೋ ಫುಟ್‌ಸ್ಕ್ರೇಯಲ್ಲಿ. 1989ರಲ್ಲಿ ಅಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ ಸಾಲದಲ್ಲಿ ಮುಳುಗಿತ್ತು. ಲೀಗಿನವರು ಅದನ್ನು ಫಿಟ್ಜ್‌ರಾಯ್ ಕ್ಲಬ್ಬಿನ ಜೊತೆ ವಿಲೀನ ಮಾಡ್ತೀವಿ ಅಂತ ಹೊರಟರು. ಜನ ಸುಮ್ಮನಿರಲಿಲ್ಲ. ಡಬ್ಬ ಅಲ್ಲಾಡಿಸಿ ಬೀದಿ ಬೀದಿ ತಿರುಗಿ ಹಣ ಕೂಡಿಸಿದರು, ಕೋರ್ಟಿಗೂ ಹೋದರು. ಕ್ಲಬ್ ಉಳಿಯಿತು. ಅದೇ ಇವತ್ತಿನ ವೆಸ್ಟರ್ನ್ ಬುಲ್‌ಡಾಗ್ಸ್. 2016ರಲ್ಲಿ, 62 ವರ್ಷದ ನಂತರ, ಕಪ್ ಗೆದ್ದರು. ವ್ಯತ್ಯಾಸ ಇರೋದು ಒಂದೇ ಕಡೆ: ಅದು ಸದಸ್ಯರ ಕ್ಲಬ್. ಅಲ್ಲಿ ಅಭಿಮಾನಿ ಗಿರಾಕಿ ಅಲ್ಲ, ಮನೆಯವನು. ಜರ್ಮನಿಯ ಫುಟ್‌ಬಾಲಿನಲ್ಲೂ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಲೇ ಇರಬೇಕು ಅನ್ನೋ ನಿಯಮ ಇದೆ. ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ ಎಲ್ಲರಿಗೂ ಅದೇ.

ಅಷ್ಟು ದೂರ ಯಾಕೆ, ನಮ್ಮ ಕೊಡಗನ್ನೇ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರು ಮಾಡಿದರು. ತಂಡ ಅಂದರೆ ಒಂದು ಒಕ್ಕ, ಒಂದೇ ಮನೆತನ. ಅಜ್ಜ, ಮೊಮ್ಮಗಳು, ಸೊಸೆ ಯಾರು ಬೇಕಾದರೂ ಸ್ಟಿಕ್ ಹಿಡಿಯಬಹುದು. ಒಂದೊಂದು ಸಲ ಒಂದೊಂದು ಒಕ್ಕ ಹೊಣೆ ಹೊತ್ತು ನಡೆಸುತ್ತೆ, ಕಪ್ಪಿಗೆ ಅದೇ ಒಕ್ಕದ ಹೆಸರು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360 ತಂಡ ಬಂದಿದ್ದವು, ಗಿನ್ನೆಸ್ ದಾಖಲೆ ಆಯಿತು. ಕೋಟಿಗಟ್ಟಲೆ ಸುರಿದ ಲೀಗುಗಳು ಮಲಗಿ ಎದ್ದು ಮತ್ತೆ ಮಲಗುವ ಹೊತ್ತಲ್ಲಿ, ಇದು ಮಧ್ಯೆ ಮಧ್ಯೆ ಕೊರೋನಾ ಅಂತ ನಿಂತರೂ ತಿರುಗಿ ಬಂದಿದೆ. ಯಾಕೆ? ಎಡವಟ್ಟು ಮಾಡಿದರೆ ಮುಂದಿನ ಮದುವೆಗೆ ಮುಖ ತೋರಿಸೋದು ಕಷ್ಟ! ಅದೇ ಅಲ್ಲಿನ ಆಡಿಟ್.

ವೃತ್ತಿಪರ ಲೀಗನ್ನು ಹಬ್ಬದ ಥರ ನಡೆಸೋಕಾಗಲ್ಲ, ಗೊತ್ತು. ಸಂಬಳ ಇದೆ, ವಿಮಾನ ಇದೆ, ವಿದೇಶಿ ಆಟಗಾರರಿದ್ದಾರೆ. ನಾನು ಹೇಳ್ತಿರೋದು ಹಬ್ಬದ ಖರ್ಚಿನ ಬಗ್ಗೆ ಅಲ್ಲ, ಹಬ್ಬದ ಹೊಣೆಯ ಬಗ್ಗೆ. ಅದನ್ನು ನಿಯಮದ ರೂಪದಲ್ಲಿ ತರೋದು ಅಂಥಾ ಬ್ರಹ್ಮವಿದ್ಯೆ ಏನಲ್ಲ. ನನ್ನ ಪಟ್ಟಿ ಚಿಕ್ಕದು:

ಒಂದು, ಸೀಸನ್ ಶುರುವಾಗೋ ಮುಂಚೆ ಇಡೀ ಸೀಸನ್ನಿನ ಆಟಗಾರರ ಸಂಬಳ ಬೇರೆ ಖಾತೆಯಲ್ಲಿ ಠೇವಣಿ ಇರಬೇಕು. ಮಾಲೀಕರು ಮುಳುಗಿದರೂ ಆ ದುಡ್ಡು ಮುಳುಗಬಾರದು.

ಎರಡು, ಸ್ಟೇಡಿಯಂ ಕಟ್ಟುತ್ತೇವೆ ಅನ್ನೋ ಮಾತಿನ ಮೇಲೆ ಲೈಸೆನ್ಸ್ ಕೊಡೋದಾದರೆ ಮಾತಿಗೆ ತಾರೀಖು ಇರಬೇಕು, ತಪ್ಪಿದರೆ ದಂಡ ಇರಬೇಕು. ನಕ್ಷೆಯ ಮೇಲೆ ಯಾರೂ ಗೋಲು ಹೊಡೆಯೋಕಾಗಲ್ಲ.

ಮೂರು, ಊರಿನ ಹೆಸರು ಇಟ್ಟುಕೊಂಡ ತಂಡದ ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳು ಆರಿಸಿದ ಒಬ್ಬರಾದರೂ ಕೂರಬೇಕು, ವರ್ಷಕ್ಕೊಮ್ಮೆ ಲೆಕ್ಕಪತ್ರ ಎಲ್ಲರ ಮುಂದೆ ಬರಬೇಕು. ಇದೇ ನಾನು ಹೇಳೋ ಕೋಟಿನವರ ಸ್ಕೋರ್‌ಬೋರ್ಡ್.

ನಾಳೆ ಯಾರೋ ಉದ್ಯಮಿ ಬೆಂಗಳೂರಿಗೆ ಹಾಕಿ ತಂಡ ತರ್ತೀನಿ ಅಂತ ಬರಬಹುದು. ಹೊಸ ಜೆರ್ಸಿ, ಹೊಸ ಹಾಡು, ಸಿನಿಮಾ ನಟರು, ಕೆಂಪು ಹಳದಿ ಬಾವುಟ ಎಲ್ಲಾ ಇರುತ್ತೆ. ನಾವು ಕನ್ನಡಿಗರು ಬೇಗ ಕರಗಿಬಿಡ್ತೀವಿ. ಕರಗೋಣ, ತಪ್ಪಿಲ್ಲ, ನಾನೇ ಮೊದಲು ಕರಗ್ತೀನಿ. ಆದರೆ "ನಾಯಕ ಯಾರು?" ಅಂತ ಕೇಳೋ ಮುಂಚೆ "ಸಂಬಳದ ಠೇವಣಿ ಎಲ್ಲಿದೆ ಸ್ವಾಮಿ?" ಅಂತ ಒಂದು ಮಾತು ಕೇಳೋಣ. ಸೋಮವಾರಪೇಟೆಯಲ್ಲೋ ಪೊನ್ನಂಪೇಟೆಯಲ್ಲೋ ಬೆಳಗಿನ ಮಂಜಲ್ಲಿ ಸ್ಟಿಕ್ ಹಿಡಿದು ಓಡುತ್ತಿರೋ ಹುಡುಗ ಆ ಜೆರ್ಸಿಯನ್ನ ನಂಬಿ ಓದು, ಕೆಲಸ ಪಕ್ಕಕ್ಕಿಡುತ್ತಾನೆ. ಅವನ ಪರವಾಗಿ ಇಷ್ಟು ಕೇಳೋದು ನಮ್ಮಿಂದ ಆಗಲ್ವಾ?

ನೀವೇನಂತೀರಿ?