ಸುಮ್ನೆ ಚಳಿ ಮೇಲೆ ತಪ್ಪು ಹೊರಿಸ್ಬೇಡಿ (ಭಾಗ 4)

ಮೊದಲ ಫೋಟೋದಲ್ಲಿ ಮಂಜು ಸೂಪರ್ ಅಂತ ಲೈಕ್ ಒತ್ತಿದೋರೇ, ಆ ಮಂಜಲ್ಲಿ ಬಾನೆಟ್ ಎತ್ಕೊಂಡು ನಿಂತಿರೋರು ನಮ್ಮಪ್ಪ. ಮೂಡಿಗೆರೆ ಹತ್ರ, ಡಿಸೆಂಬರ್, ಬೆಳಗ್ಗೆ ನಾಲ್ಕೂವರೆ. ಬಜ್ಪೆ ಏರ್‌ಪೋರ್ಟ್‌ಗೆ ಬಾಡಿಗೆ ಇತ್ತು. ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು, ಅರ್ಧ ನಿಮಿಷ ಓಡ್ತು, ಗೇಟ್ ಹತ್ರ ಆಫ್. ಆಮೇಲೆ ಎಷ್ಟು ಸೆಲ್ಫ್ ಹೊಡೆದ್ರೂ ಇಲ್ಲ. ಬಾಡಿಗೆಯವರು ಬೇರೆ ಗಾಡಿ ಹಿಡಿದು ಹೋದ್ರು.

ಅದಕ್ಕೂ ಒಂದು ವಾರದಿಂದ ಹೀಗೇ ಆಗ್ತಿತ್ತು. ಕೇಳಿದೋರೆಲ್ಲ ಹೇಳಿದ್ದು ಒಂದೇ ಮಾತು: "ಡೀಸೆಲ್ ಗಾಡಿ ಅಲ್ವಾ, ಚಳಿಗೆ ಹಂಗೇ." ನನ್ನ ಪ್ರಕಾರ ಇದು ಉತ್ತರವೇ ಅಲ್ಲ. ಚಳಿಗೆ ಡೀಸೆಲ್ ಗಟ್ಟಿಯಾಗೋದು ಸುಳ್ಳಲ್ಲ, ಆದ್ರೆ ಅದು ಲಡಾಖ್ ಕಥೆ. ಅಲ್ಲಿಗೆ ಅಂತಲೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿವರೆಗೂ ಹರಿಯೋ ಡೀಸೆಲ್ ತಂತು. ನಮ್ಮ ಮಲೆನಾಡಿನ ಚಳಿಗೆ ಸ್ವೆಟರ್ ಸಾಕು ಗುರು, ಟ್ಯಾಂಕಲ್ಲಿರೋ ಡೀಸೆಲ್ ಮೇಣ ಆಗಲ್ಲ. ಚಳಿ ಮಾಡೋದು ಇಷ್ಟೇ, ಮೊದಲೇ ಇರೋ ಸಣ್ಣ ದೋಷವನ್ನ ಎತ್ತಿ ತೋರಿಸುತ್ತೆ.

ಡೀಸೆಲ್ ಎಂಜಿನ್‌ಗೆ ಪೆಟ್ರೋಲ್ ಗಾಡಿ ತರ ಕಿಡಿ ಹಾರಿಸೋ ಪ್ಲಗ್ ಇಲ್ಲ. ಗಾಳಿಯನ್ನ ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹೊತ್ತಿಸುತ್ತೆ. ತಣ್ಣಗಿದ್ದಾಗ ಸಹಾಯಕ್ಕೆ ಹೀಟರ್ ಪ್ಲಗ್ ಇರುತ್ತೆ. ಕೀ ತಿರುಗಿಸಿದಾಗ ಬರೋ ಸುರುಳಿ ಗುರುತಿನ ಲೈಟ್ ಅದರದ್ದೇ. ಅದು ಆರೋವರೆಗೂ ಕಾಯೋ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಈಗ ಮುಖ್ಯ ವಿಷಯ. ಸೆಲ್ಫ್ ಹೊಡೆಯುವಾಗ ಒಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಿ. ಬಿಳಿ ಹೊಗೆ ಬಂದು, ಗಾಡಿ ಗಡಗಡ ನಡುಗ್ತಾ ಇದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಸರಿಯಾಗಿ ಉರೀತಿಲ್ಲ ಅಂತ. ಹೀಟರ್ ಪ್ಲಗ್ ಮೊದಲು ಚೆಕ್ ಮಾಡ್ಸಿ. ಹೊಗೆಯೇ ಇಲ್ವಾ? ಡೀಸೆಲ್ಲೇ ತಲುಪ್ತಿಲ್ಲ ಅನ್ನೋ ಅನುಮಾನ ಬರ್ಬೇಕು. ಫಿಲ್ಟರ್ ಕಟ್ಟಿರಬಹುದು, ಅದರಲ್ಲಿ ನೀರು ನಿಂತಿರಬಹುದು, ಇಲ್ಲಾ ಪೈಪಲ್ಲಿ ಗಾಳಿ ಎಳೀತಿರಬಹುದು. ಸೆಲ್ಫೇ ನಿಧಾನಕ್ಕೆ ತಿರುಗಿದ್ರೆ ಬ್ಯಾಟರಿ, ಅದು ಬೇರೆ ಕಥೆ.

ನಮ್ಮದರಲ್ಲಿ ಹೊಗೆ ಇರ್ಲಿಲ್ಲ. ಆದ್ರೂ ಒಂದು ಗ್ಯಾರೇಜ್‌ನಲ್ಲಿ ಬಾನೆಟ್ ಎತ್ತಿ ಎರಡೇ ನಿಮಿಷಕ್ಕೆ "ಇಂಜೆಕ್ಟರ್ ಹೋಗಿದೆ, 28,000 ಆಗುತ್ತೆ" ಅಂದ್ರು. ನನ್ನ ಈ ವರ್ಷದ ಕಾಲೇಜ್ ಫೀಸ್‌ಗಿಂತ ಜಾಸ್ತಿ. ಅಪ್ಪ ಒಪ್ಪೋದ್ರಲ್ಲಿದ್ರು, ಯಾಕಂದ್ರೆ ಗಾಡಿ ನಿಂತ್ರೆ ದಿನದ ದುಡಿಮೆ ನಿಲ್ಲುತ್ತೆ. ಹೆದರಿದೋನು ಚೌಕಾಶಿ ಮಾಡಲ್ಲ. ನಾನು ಬೇಡ ಅಂದೆ. ಬಿಕಾಂನವನಿಗೆ ಎಂಜಿನ್ ಬಗ್ಗೆ ಏನ್ ಗೊತ್ತು ಅಂತೀರಾ? ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಯಾರಾದ್ರೂ ಹೊಸ ಲೆಡ್ಜರ್ ಕೊಳ್ತಾರಾ? ಎಲ್ಲಿ ತಪ್ಪಿದೆ ಅಂತ ತಾನೇ ಹುಡುಕೋದು!

ಇನ್ನೊಬ್ಬ ಮೆಕ್ಯಾನಿಕ್ ಅಣ್ಣ ಫಿಲ್ಟರ್‌ನಿಂದ ಮುಂದಕ್ಕೆ ಹೋಗೋ ಪೈಪಿನ ಜಾಗದಲ್ಲಿ ಒಂದು ತುಂಡು ಪಾರದರ್ಶಕ ಪೈಪ್ ಹಾಕಿದ್ರು. ರಾತ್ರಿ ಗಾಡಿ ಅಲ್ಲೇ ಬಿಟ್ವಿ. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಪೈಪ್ ತುಂಬಾ ಗುಳ್ಳೆ. ಹಳೇ ರಬ್ಬರ್ ಗಟ್ಟಿಯಾಗಿ, ಚಳಿಗೆ ಇನ್ನಷ್ಟು ಬಿಗಿದು, ಜಾಯಿಂಟಲ್ಲಿ ಗಾಳಿ ಒಳಗೆ ಬಿಡ್ತಿತ್ತು. ರಾತ್ರಿಯೆಲ್ಲ ಡೀಸೆಲ್ ಟ್ಯಾಂಕ್ ಕಡೆಗೆ ವಾಪಸ್ ಇಳೀತಿತ್ತು. ಮುಂದೆ ಉಳಿದಿದ್ದರಲ್ಲಿ ಅರ್ಧ ನಿಮಿಷ ಓಡಿ ಗಾಡಿ ನಿಲ್ತಿತ್ತು. ಪೈಪ್, ವಾಷರ್, ಕೂಲಿ ಸೇರಿ 650.

ಇನ್ನೊಂದು, ಇದಕ್ಕೆ ಕಾಮೆಂಟಲ್ಲಿ ಜಗಳ ಬಂದ್ರೂ ಪರವಾಗಿಲ್ಲ. "ಸ್ವಲ್ಪ ಸೀಮೆಎಣ್ಣೆ ಹಾಕು, ಪೆಟ್ರೋಲ್ ಹಾಕು" ಅನ್ನೋ ಮಾವಂದಿರ ಮಾತು ಕೇಳ್ಬೇಡಿ. ಪಂಪಿಗೆ ಜಿಡ್ಡು ಕೊಡೋದೇ ಡೀಸೆಲ್. ಅದನ್ನ ತೆಳು ಮಾಡಿದ್ರೆ ಪಂಪ್ ಸವೆಯುತ್ತೆ, ಆಗ ನಿಜವಾಗ್ಲೂ ದೊಡ್ಡ ಬಿಲ್ ಬರುತ್ತೆ. ಹೀಟರ್ ಪ್ಲಗ್ ಇರೋ ಗಾಡಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯೋದಂತೂ ಬೇಡವೇ ಬೇಡ. ಒಳಗೆ ಸಿಡಿದ್ರೆ ಎಂಜಿನ್ ಹೋಗುತ್ತೆ.

ಕೊನೆ ಫೋಟೋ ಇವತ್ತಿನದು, ಐದು ಗಂಟೆಗೆ ಅಪ್ಪ ಚಾರ್ಮಾಡಿ ಕಡೆ ಹೊರಟಿದ್ದು. ಆ ಬಜ್ಪೆ ಬಾಡಿಗೆಯವರು ಮಾತ್ರ ಮತ್ತೆ ಫೋನ್ ಮಾಡಿಲ್ಲ. ನಿಮ್ಮನೆ ಡೀಸೆಲ್ ಗಾಡಿ ಬೆಳಗ್ಗೆ ಹೀಗೆ ಕೈ ಕೊಡ್ತಿದ್ರೆ, ಹೊಗೆ ಬರುತ್ತಾ ಇಲ್ವಾ ಅಂತ ನೋಡಿ ಕಾಮೆಂಟ್ ಮಾಡಿ. ಅಪ್ಪನಿಗೆ ಓದಿ ಹೇಳ್ತೀನಿ.